ಕೋಳಿ ಮುಚ್ಚುವ ಹೊತ್ತು

ಹೊತ್ತು ಮುಳುಗುವಾಗ ಮಾಡುವ ಒಂದು ಕೆಲಸಕ್ಕೆ ನಮ್ಮ ಮನೆಯಲ್ಲಿ ‘ಕೋಳಿ ಮುಚ್ಚೋದು’ ಅನ್ನುತ್ತೇವೆ. ಹಿಂದೆ ಕೋಳಿಗಳ ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೊಂದು ಕಲ್ಲು ಹೇರಿ ಇಡುತ್ತಿದ್ದರಲ್ಲ, ಆ ಕಾಲದ ಮಾತು. ಈಗ ಗೂಡಿನ ಬಾಗಿಲು ಹಾಕಿ ಚಿಲಕ ಎಳೆದರೂ ಅದು ಕೋಳಿ ಮುಚ್ಚೋದೇ. ನಾನು ದಾವಣಗೆರೆಯ ಬಾಡಿಗೆ ಕೋಣೆಯಲ್ಲಿ ಕೂತು ಮಕ್ಕಳ ನೋಟ್‌ಬುಕ್ಕು ತಿದ್ದುತ್ತಿರುವಾಗ ಸರಿಯಾಗಿ ಆರೂಮುಕ್ಕಾಲಿಗೆ ಹುಲಗೂರಿನ ನಮ್ಮ ಹಿತ್ತಲು ನೆನಪಾಗುತ್ತದೆ. ಫೋನು ಮಾಡುತ್ತೇನೆ. ಉಂಡೆಯಾ, ಮಾತ್ರೆ ತಗೊಂಡೆಯಾ ಎಂದು ಕೇಳುವ ಮುಂಚೆಯೇ ಬಾಯಿಂದ ಬರುವ ಮಾತು ಒಂದೇ.

“ಮುಚ್ಚಿದ್ಯೇನ್ ಬೇ?”

ಈ ಪ್ರಶ್ನೆ ಕೇಳುವ ಹಕ್ಕು ನನಗೆ ಸುಲಭವಾಗಿ ಬಂದದ್ದಲ್ಲ. ಆರು ಮರಿಗಳ ಜೀವ ಹೋದ ಮೇಲೆ ಬಂದದ್ದು.

ನಮ್ಮೂರು ಶಿಗ್ಗಾಂವಿ ತಾಲ್ಲೂಕಿನದು. ಹೊರಗಿನವರಿಗೆ ಹೇಳುವಾಗ ಖಾದರ ಶಾವಲಿಗಳ ದರ್ಗಾ ಇರುವ ಹುಲಗೂರು ಎನ್ನಬೇಕು. ಅದಕ್ಕೂ ಗೊತ್ತಾಗದಿದ್ದರೆ ಶರೀಫರ ಶಿಶುವಿನಹಾಳದ ಹತ್ತಿರ ಎನ್ನಬೇಕು. ಶರೀಫರ ಹೆತ್ತವರು ಮಗುವಿಗಾಗಿ ಹರಕೆ ಹೊತ್ತದ್ದು ಇಲ್ಲಿಯ ಶಾವಲಿಗಳಿಗೇ ಎಂಬುದು ಪ್ರತೀತಿ. ಆ ಶರೀಫರ ಒಂದು ಪ್ರಸಿದ್ಧ ಪದದಲ್ಲಿ ಕೋಳಿಗೆ ನುಂಗುವ ಪಾತ್ರ ಸಿಕ್ಕಿದೆ. ನಮ್ಮ ಓಣಿಯ ಕೋಳಿಗಳಿಗೆ ಮಾತ್ರ ಯಾವತ್ತೂ ನುಂಗಿಸಿಕೊಳ್ಳುವ ಪಾತ್ರವೇ.

ನಾನು ಸಣ್ಣವಳಿದ್ದಾಗ ಅವ್ವ ಏಳೆಂಟು ಜವಾರಿ ಹ್ಯಾಟೆ, ಒಂದು ಹುಂಜ ಸಾಕಿದ್ದಳು. ಹಿತ್ತಲ ಕಟ್ಟೆಯ ಬುಡದಲ್ಲಿ ಅಜ್ಜ ಕಲ್ಲು ಮಣ್ಣಿನಿಂದ ಕಟ್ಟಿದ ಗೂಡು. ಮೊಣಕಾಲೆತ್ತರವೂ ಇಲ್ಲದ ಕಿಂಡಿ. ಆ ಕಿಂಡಿಗೆ ಅಡ್ಡ ಇಡಲು ಒಂದು ಹಾಸುಗಲ್ಲು. ತತ್ತಿಗಳನ್ನು ಅವ್ವ ಜೋಳದ ಗಡಿಗೆಯೊಳಗೆ ಹುದುಗಿಸಿ ಇಡುತ್ತಿದ್ದಳು. ನಾವು ತಿಂದದ್ದು ಕಡಿಮೆ, ಮಾರಿದ್ದೇ ಹೆಚ್ಚು. ಶಿಗ್ಗಾಂವಿಗೆ ಕಾಲೇಜಿಗೆ ಹೋಗುವಾಗ ನನ್ನ ಬಸ್ ಪಾಸು, ಪರೀಕ್ಷೆಯ ಫೀಜು, ಒಮ್ಮೆ ಒಂದು ಜೊತೆ ಚಪ್ಪಲಿ ಆ ಗಡಿಗೆಯಿಂದಲೇ ಬಂದವು. ಅಪ್ಪನಿಗೆ ಲೆಕ್ಕ ಹೇಳಬೇಕಿಲ್ಲದ ದುಡ್ಡು ನಮ್ಮ ಮನೆಯಲ್ಲಿ ಅದೊಂದೇ ಇತ್ತು.

ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಒಂದು ಬ್ಯಾಸಗಿಯಲ್ಲಿ ಕೊಕ್ಕರೆ ರೋಗ ಬಂತು. ಕೋಳಿಗಳು ತೂಕಡಿಸುತ್ತ, ಕುತ್ತಿಗೆ ತಿರುಚಿಕೊಂಡು, ಬಾಯಿ ತೆರೆದು ಉಸಿರು ಎಳೆಯುತ್ತ ಒಂದೇ ವಾರದಲ್ಲಿ ಎಲ್ಲವೂ ಹೋದವು. ಈ ರೋಗಕ್ಕೆ ಪುಸ್ತಕದಲ್ಲಿ ರಾಣಿಖೇತ ರೋಗ ಎಂಬ ಹೆಸರಿದೆ. ಅದು ಹಿಮಾಲಯದ ತಪ್ಪಲಿನ ಒಂದು ಊರು. ಇಂಗ್ಲೆಂಡಿನವರು ಇದನ್ನೇ ತಮ್ಮ ನ್ಯೂಕ್ಯಾಸಲ್ ಊರಿನ ಹೆಸರಿನಿಂದ ಕರೆಯುತ್ತಾರೆ. ಆಮೇಲೆ ಅವ್ವ ಕೋಳಿ ತರಲಿಲ್ಲ. “ರೋಗ ಬಂದ್ ಹೋದ್ವವಾ, ಇನ್ ಸಾಕ್” ಎಂದಳು. ನಾನು ನಂಬಿದೆ.

ಬಿ.ಎಡ್. ಮುಗಿಸಿ ಮನೆಗೆ ಬಂದು, ಕೆಲಸಕ್ಕೆ ಅರ್ಜಿ ಹಾಕುತ್ತ ಓಣಿಯ ಮಕ್ಕಳಿಗೆ ಟ್ಯೂಶನ್ ಹೇಳುತ್ತಿದ್ದೆ. ಖಾಲಿ ಗೂಡಿನೊಳಗೆ ಅವ್ವ ಕಟ್ಟಿಗೆ ಚೂರು ತುಂಬಿಟ್ಟಿದ್ದಳು. ಅದನ್ನು ದಿನವೂ ನೋಡಿ ನೋಡಿ, ಫೆಬ್ರುವರಿಯಲ್ಲಿ ಇಪ್ಪತ್ತು ಸ್ವರ್ಣಧಾರಾ ಮರಿ ತಂದೆ. ಹುಟ್ಟಿ ಒಂದು ದಿನವಾದ ಮರಿಗಳು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲಲ್ಲಿ ಬಿಟ್ಟು ಸಾಕಲೆಂದೇ ಬೆಳೆಸಿದ ತಳಿಗಳಲ್ಲಿ ಗಿರಿರಾಜ 1989ರದು, ಸ್ವರ್ಣಧಾರಾ 2005ರದು. ಸ್ವರ್ಣಧಾರಾ ಗಿರಿರಾಜಕ್ಕಿಂತ ಮೈ ಹಗುರ. ಅದಕ್ಕೇ ನಾಯಿ ಬೆಕ್ಕು ಬಂದರೆ ಚುರುಕಾಗಿ ತಪ್ಪಿಸಿಕೊಳ್ಳುತ್ತದೆ ಎಂದು ಓದಿದ್ದೆ. ಓಡಲು ಜಾಗವಿದ್ದರೆ ತಾನೇ ತಪ್ಪಿಸಿಕೊಳ್ಳುವುದು ಎಂಬುದು ಆಗ ಹೊಳೆಯಲಿಲ್ಲ.

ರಟ್ಟಿನ ಡಬ್ಬಿ ತೆರೆದಾಗ ಅವ್ವ ಮೊದಲು ಕೇಳಿದ್ದು, “ಇವುರ ತಾಯಿ ಎಲ್ಲವಾ?”

ಯಂತ್ರದಲ್ಲಿ ಇಪ್ಪತ್ತೊಂದು ದಿನ ಕಾವು ಕೊಟ್ಟು ತೆಗೆದ ಮರಿಗಳಿಗೆ ತಾಯಿ ಎಲ್ಲಿಂದ ಬರಬೇಕು? ಮೊದಲ ಎರಡು ಮೂರು ದಿನ ಹೊಟ್ಟೆಯೊಳಗೆ ಉಳಿದಿರುವ ತತ್ತಿಯ ಅರಿಶಿನವೇ ಅವುಗಳಿಗೆ ಬುತ್ತಿ. ಅದಕ್ಕೇ ಅವು ಅಷ್ಟು ದೂರದ ಪ್ರಯಾಣ ತಾಳುತ್ತವೆ. ಅಮೆರಿಕದಲ್ಲಿ ಅಂಚೆಯಲ್ಲೇ ಮರಿ ಕಳಿಸುತ್ತಾರಂತೆ. ಬುತ್ತಿ ಇದ್ದರೂ ಕಾವು ಮಾತ್ರ ಹೊರಗಿನಿಂದಲೇ ಬರಬೇಕು. ಮೊದಲ ವಾರ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ನಾನು ಪಡಸಾಲೆಯ ಮೂಲೆಗೆ ತಗಡಿನ ಹಾಳೆ ದುಂಡಗೆ ಸುತ್ತಿ, ಭತ್ತದ ಹೊಟ್ಟು ಹರವಿ, ನಡುವೆ ನೂರು ವ್ಯಾಟಿನ ಬಲ್ಬು ಇಳಿಬಿಟ್ಟೆ. ಮೊದಲ ದಿನದ ನೀರಿಗೆ ಚೂರು ಬೆಲ್ಲ ಹಾಕಿದೆ. ಒಂದೊಂದನ್ನೂ ಹಿಡಿದು ಕೊಕ್ಕನ್ನು ನೀರಿಗೆ ತಾಗಿಸಿ ಕುಡಿಯುವುದು ಕಲಿಸಿದೆ.

ಉಷ್ಣಮಾಪಕ ತರಲು ಲಕ್ಷ್ಮೇಶ್ವರಕ್ಕೆ ಹೊರಟಾಗ ಅವ್ವ ತಡೆದಳು. “ಮರೀನ ಹೇಳ್ತಾವ ತಡಿ” ಎಂದು ಅರ್ಧ ತಾಸು ಕೂತು ನೋಡಿದಳು. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚಿಂವ್ ಚಿಂವ್ ಅಂದರೆ ಚಳಿ. ತಗಡಿನ ಅಂಚಿಗೆ ಸರಿದು ರೆಕ್ಕೆ ಇಳಿಬಿಟ್ಟು ಬಾಯಿ ತೆರೆದರೆ ಸೆಕೆ. ಹೊಟ್ಟಿನ ಮೇಲೆಲ್ಲ ಚೆಲ್ಲಾಪಿಲ್ಲಿಯಾಗಿ ತಮ್ಮ ಪಾಡಿಗೆ ತಾವು ಕೆದರುತ್ತಿದ್ದರೆ ಸರಿ. ಬಲ್ಬಿನ ವಾಯರನ್ನು ಗೂಟಕ್ಕೆ ಒಂದು ಸುತ್ತು ಹೆಚ್ಚು ಕಡಿಮೆ ಸುತ್ತುತ್ತ ಅವಳು ಮೂರು ವಾರ ನಡೆಸಿದಳು. ಉಷ್ಣಮಾಪಕ ಬರಲೇ ಇಲ್ಲ.

ಎರಡನೇ ದಿನ ಒಂದು ಬಡಕಲು ಮರಿ ಸತ್ತಿತು. ಐದನೇ ರಾತ್ರಿ ಕರೆಂಟು ಹೋಯಿತು. ಬಾಟಲಿಗಳಿಗೆ ಬಿಸಿನೀರು ತುಂಬಿ, ಹಳೇ ಸೀರೆ ಸುತ್ತಿ, ಮರಿಗಳ ನಡುವೆ ಇಟ್ಟು, ಮೇಲೆ ಕೌದಿಯ ಅರ್ಧ ಭಾಗ ಮಾತ್ರ ಹೊದಿಸಿದೆವು. ಪೂರಾ ಹೊದಿಸಿದರೆ ಉಸಿರು ಕಟ್ಟುತ್ತದೆ. ಕರೆಂಟು ಬರುವಷ್ಟರಲ್ಲಿ ಮೂಲೆಯಲ್ಲಿ ಗುಂಪುಗೂಡಿದ್ದವುಗಳ ಅಡಿಗೆ ಸಿಕ್ಕು ಇನ್ನೊಂದು ಸತ್ತಿತ್ತು. ಉಳಿದವು ಹದಿನೆಂಟು.

ಏಳನೇ ದಿನ ಕೊಕ್ಕರೆ ರೋಗದ ಲಸಿಕೆ ಹಾಕಬೇಕು. ಕಣ್ಣಿಗೋ ಮೂಗಿಗೋ ಒಂದು ಹನಿ, ಅಷ್ಟೇ. ಆದರೆ ಸಿಕ್ಕ ಶೀಷೆಯಲ್ಲಿದ್ದದ್ದು ನೂರು ಕೋಳಿಗೆ ಆಗುವಷ್ಟು. ಕಲಸಿದ ಮೇಲೆ ಒಂದೆರಡು ತಾಸಿನೊಳಗೆ ಮುಗಿಸಬೇಕು, ಅಲ್ಲಿಯವರೆಗೆ ಮಂಜುಗಡ್ಡೆಯ ಮೇಲಿಡಬೇಕು. ಹದಿನೆಂಟು ಹಾಕಿ ಎಂಬತ್ತೆರಡು ಚೆಲ್ಲುವುದೆಂದರೆ ಅವ್ವನಿಗೆ ಮನಸ್ಸು ಒಪ್ಪಲಿಲ್ಲ. ಪಕ್ಕದ ಮನೆಯ ಖಾಲಾಗೆ ಗೋಡೆಯ ಮೇಲಿಂದ ಕೂಗಿದಳು. ಖಾಲಾ ತನ್ನ ಮರಿಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ತಂದಳು. ಅವಳ ಹಿಂದೆ ಓಣಿಯ ಇನ್ನೂ ನಾಲ್ಕು ಮನೆಯವರು ಬಂದರು. ಆವತ್ತು ನಮ್ಮ ಕಟ್ಟೆಯ ಮೇಲೆ ಎಪ್ಪತ್ತಕ್ಕೂ ಹೆಚ್ಚು ಮರಿಗಳ ಕಣ್ಣಿಗೆ ಹನಿ ಬಿತ್ತು. “ನೀ ಡಾಕ್ಟರ್ ಆಗ್ಬೇಕಿತ್ತು ಬೇಟಿ, ಟೀಚರ್ ಯಾಕ್ ಆದಿ” ಎಂದು ಖಾಲಾ ನಕ್ಕಳು. ನನಗೂ ಎಲ್ಲ ಗೊತ್ತಾಗಿದೆ ಎಂಬ ಧಿಮಾಕು ಬಂದದ್ದು ಆವತ್ತೇ ಇರಬೇಕು.

ಐದನೇ ವಾರಕ್ಕೆ ನಯವಾದ ತುಪ್ಪಳ ಹೋಗಿ ಗರಿ ಬಂದವು. ಬಲ್ಬು ಬೇಡವಾಯಿತು. ಪಡಸಾಲೆ ನಾರತೊಡಗಿತು. ಗೂಡು ಬೇಕಾಯಿತು.

ಅಜ್ಜನ ಗೂಡನ್ನೇ ಖಾಲಿ ಮಾಡೋಣ ಎಂದರೆ ಅವ್ವ ಮಾತು ತೇಲಿಸಿದಳು. ಅದು ಕತ್ತಲು, ಗಾಳಿ ಆಡದು ಎಂದು ನಾನೂ ಅದನ್ನು ಬಿಟ್ಟೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಹಸಿರು ಬಣ್ಣ ಹೊಡೆದ ಕಬ್ಬಿಣದ ಗೂಡು ನೋಡಿದೆ. ನಾಲ್ಕು ಕಾಲು, ಕಾಲಿಗೆ ಗಾಲಿ, ಇಳಿಜಾರು ತಗಡಿನ ಮಾಡು, ಸುತ್ತ ಜಾಳಿಗೆ, ತತ್ತಿಗೆ ಪ್ರತ್ಯೇಕ ಖಾನೆ. ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲ. “ಇಪ್ಪತ್ತು ಕೋಳಿ ಆರಾಮ್ ಇರ್ತಾವರೀ” ಎಂದರು. ಇಪ್ಪತ್ತು ಕೋಳಿ ಎಂದರೆ ಒಂದಕ್ಕೆ ಅರ್ಧ ಚದರ ಅಡಿ. ಬೆಳೆದ ಕೋಳಿಗೆ ರಾತ್ರಿ ಮಲಗಲಿಕ್ಕಾದರೂ ಒಂದೂವರೆ ಎರಡು ಚದರ ಅಡಿ ಬೇಕು. ಗಣಿತ ಕಲಿಸುವ ನಾನು ಆ ಭಾಗಾಕಾರ ಮಾಡಲಿಲ್ಲ. ಟ್ಯೂಶನ್ನಿನಲ್ಲಿ ಕೂಡಿಟ್ಟ ಆರೂವರೆ ಸಾವಿರ ಕೊಟ್ಟು, ಟಾಟಾ ಏಸ್ ಗಾಡಿಯಲ್ಲಿ ಹೇರಿಸಿಕೊಂಡು ಬಂದೆ. ಓಣಿಯ ಹುಡುಗರು ಸುತ್ತ ನಿಂತು ನೋಡಿದರು. ನಾನು ಅದರ ಫೋಟೊ ತೆಗೆದು ಗೆಳತಿಯರಿಗೆ ಕಳಿಸಿದೆ.

ಅವ್ವ ಜಾಳಿಗೆಯ ಕಣ್ಣಿನೊಳಗೆ ಎರಡು ಬೆರಳು ತೂರಿಸಿ ಅಲ್ಲಾಡಿಸಿದಳು. “ಕಣ್ಣು ದೊಡ್ಡದಾತಲ್ಲವಾ” ಎಂದಳು.

“ಗಾಳಿ ಆಡಬೇಕಲ್ಲ ಬೇ” ಎಂದೆ. ಅವಳು ಸುಮ್ಮನಾದಳು. ಓದಿದ ಮಗಳ ಎದುರು ಸುಮ್ಮನಾಗುವುದು ಅವಳಿಗೆ ರೂಢಿಯಾಗಿತ್ತು.

ಹನ್ನೊಂದನೇ ರಾತ್ರಿ ಎರಡರ ಸುಮಾರಿಗೆ ಸಪ್ಪಳವಾಯಿತು. ಕೂಗಾಟವೇನೂ ಅಲ್ಲ, ತಗಡಿಗೆ ರೆಕ್ಕೆ ಬಡಿದಂತೆ ಒಂದೆರಡು ಸಲ ಕೇಳಿಸಿತು. ಬ್ಯಾಟರಿ ಹಿಡಿದು ಹೋಗುವಷ್ಟರಲ್ಲಿ ಏನೂ ಇರಲಿಲ್ಲ. ಗೂಡಿನ ಚಿಲಕ ಹಾಕಿದಂತೆಯೇ ಇತ್ತು. ಒಳಗಿನ ಮರಿಗಳು ಒಂದಕ್ಕೊಂದು ಒತ್ತಿಕೊಂಡು ಗಪ್ಪಾಗಿ ನಿಂತಿದ್ದವು. ಜಾಳಿಗೆಗೆ ಅಂಟಿ ಮಲಗಿದ್ದ ಆರು ಮರಿಗಳು ಇದ್ದ ಜಾಗದಲ್ಲೇ ಇದ್ದವು. ನಾಲ್ಕಕ್ಕೆ ತಲೆ ಇರಲಿಲ್ಲ. ಎರಡಕ್ಕೆ ರೆಕ್ಕೆಯೇ ಕಿತ್ತುಬಂದಿತ್ತು.

ಒಳಗೆ ಬರಲಾಗದ ಪ್ರಾಣಿ ಹೊರಗಿನಿಂದಲೇ ಪಂಜ ತೂರಿಸಿ ಎಳೆದಿತ್ತು. ಕಾಡುಬೆಕ್ಕೋ, ಓಣಿಯದೇ ಗಂಡು ಬೆಕ್ಕೋ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಅಷ್ಟಕ್ಕಷ್ಟೇ. ಹಗಲು ಹದ್ದಿನ ನೆರಳು ಬಿದ್ದರೂ ಚೀರಿ ಓಡುವ ಮರಿ, ರಾತ್ರಿ ತನ್ನ ಪಕ್ಕದ್ದನ್ನು ಎಳೆಯುತ್ತಿದ್ದರೂ ಎಲ್ಲಿಗೆ ಸರಿಯಬೇಕೆಂದು ತಿಳಿಯದೆ ನಿಂತಲ್ಲೇ ನಿಲ್ಲುತ್ತದೆ. ಸರಿಯಬೇಕೆಂದರೂ ಆ ಗೂಡಿನಲ್ಲಿ ಜಾಗವಿರಲಿಲ್ಲ. ಹಗುರ ಮೈಯ ಚುರುಕು ತಳಿ ಅಂದುಕೊಂಡಿದ್ದೆನಲ್ಲ; ಅದರ ಚುರುಕನ್ನೆಲ್ಲ ನಾನೇ ಹತ್ತು ಚದರ ಅಡಿಯಲ್ಲಿ ಹಾಕಿ ಬೀಗ ಜಡಿದಿದ್ದೆ.

ಬೆಳಿಗ್ಗೆ ಅವ್ವ ಆರನ್ನೂ ಲಿಂಬೆ ಗಿಡದ ಬುಡದಲ್ಲಿ ಹೂತಳು. ಬಯ್ಯುತ್ತಾಳೆ ಎಂದು ಕಾದೆ, ಬಯ್ಯಲಿಲ್ಲ. ನಾನೇ ತಡೆಯಲಾರದೆ, “ನೀ ಅಂದಿದ್ದಿ, ನಾನ ಕೇಳಲಿಲ್ಲ” ಎಂದೆ. ಅವಳು ಕೈಯ ಮಣ್ಣು ಒರೆಸಿಕೊಳ್ಳುತ್ತ, “ನೀ ಹಗಲಿನ್ಯಾಗ ಹೋಗಿ ನೋಡಿ ತಂದಿ. ಗೂಡ ಬೇಕಾಗೂದು ರಾತ್ರಿಗೆ” ಎಂದಳು. ಅಷ್ಟೇ.

ಅವತ್ತೇ ಉಳಿದ ಹನ್ನೆರಡನ್ನು ಪಡಸಾಲೆಗೆ ತಂದು ಬುಟ್ಟಿಗಳಡಿ ಮುಚ್ಚಿದೆವು. ಹೊಸ ಗೂಡು ನಾವೇ ಕಟ್ಟಿಸುವುದೆಂದಾಯಿತು. ಈ ಸಲ ನಾನು ನೋಟ್‌ಬುಕ್ಕು ಹಿಡಿದು ಅವ್ವನನ್ನೂ ಖಾಲಾನನ್ನೂ ಕೇಳಿದೆ: ರಾತ್ರಿ ಯಾರು ಯಾರು ಬರುತ್ತಾರೆ? ಖಾಲಾ ಬೆರಳು ಮಡಚಿದಳು. ಬೆಕ್ಕು ಪಂಜ ತೂರಿಸುತ್ತದೆ, ಆದ್ದರಿಂದ ಜಾಳಿಗೆಯ ಕಣ್ಣು ಅರ್ಧ ಇಂಚು ಮೀರಬಾರದು, ತಂತಿ ದಪ್ಪ ಇರಬೇಕು. ಹೆಗ್ಗಣ ನೆಲ ಕೊರೆದು ಬರುತ್ತದೆ, ಆದ್ದರಿಂದ ನೆಲಕ್ಕೆ ಹಾಸುಗಲ್ಲು ಬೇಕು. ನಾಯಿ ತಳ್ಳುತ್ತದೆ, ಅಲ್ಲಾಡುವ ಗೂಡು ಬೇಡ. ಹಾವಿಗೆ ಸಂದಿ ಸಾಕು, ಬಾಗಿಲು ಬಿಗಿಯಾಗಿ ಕೂರಬೇಕು. ಮುಂಗುಸಿ ಬರುವುದು ಹಗಲು, ಅದಕ್ಕೆ ಗೂಡಿಗಿಂತ ಮನೆಯವರ ಕಣ್ಣೇ ಮದ್ದು.

ಅವ್ವ ಹೇಳಿದ್ದು ಬೇರೆ. ತಗಡಿನ ಮಾಡು ಬೇಡ, ಬ್ಯಾಸಗಿಯಲ್ಲಿ ಬೇಯುತ್ತಾವೆ. ಹಿತ್ತಲಲ್ಲಿ ಬಿದ್ದಿರುವ ಮಂಗಳೂರು ಹಂಚು ಹಾಕಿಸು. ಕೋಳಿ ಕೂರುವ ಎತ್ತರಕ್ಕೆ ಗೋಡೆ ಇರಲಿ, ಜಾಳಿಗೆ ಅದರ ಮೇಲಿರಲಿ. ಆಗ ಬೆಚ್ಚಗಿನ ಗಾಳಿ ಮೇಲಿಂದ ಹೊರಗೆ ಹೋಗುತ್ತದೆ, ಮಲಗಿದ ಕೋಳಿಯ ಮೈಗೆ ಚಳಿಗಾಳಿ ಬಡಿಯುವುದಿಲ್ಲ, ಪಂಜ ತೂರಿಸಿದರೂ ಸಿಗುವುದಿಲ್ಲ. ಕೂರಲು ಅಡ್ಡ ಬಡಿಗೆ ಬೇಕು, ಅಂಚು ಉಜ್ಜಿ ದುಂಡಗೆ ಮಾಡಿದ್ದು. ಬಾಗಿಲು ಮೂಡಣಕ್ಕಿರಲಿ, ಬೆಳಗಿನ ಬಿಸಿಲಿಗೆ ಹೊಟ್ಟು ಒಣಗುತ್ತದೆ. ಹಸಿ ಹೊಟ್ಟಿನಿಂದ ಮರಿಗಳಿಗೆ ರಕ್ತಬೇಧಿ ಬರುತ್ತದೆಂದು ನಾನು ಪುಸ್ತಕದಲ್ಲಿ ಓದಿದ್ದೆ. ಅವಳು ಅದನ್ನು ಎಲ್ಲೂ ಓದಿರಲಿಲ್ಲ.

ಗೌಂಡಿ ಬಂದು ದಾರ ಹಿಡಿದು, “ನೆಲದ್ ಮ್ಯಾಲ ಎಷ್ಟ್ ಎತ್ತರ ಎಬ್ಬಸ್ಲಿ ಅಕ್ಕಾರ?” ಎಂದ. ಒಂದಡಿ ಸಾಕು ಎಂದು ನಾನು ಹೇಳುವವಳಿದ್ದೆ. ಅವ್ವ ಮುಂದೆ ಬಂದು ತನ್ನ ಸೊಂಟಕ್ಕೆ ಅಂಗೈ ಹಚ್ಚಿ ತೋರಿಸಿದಳು. “ಇಲ್ಲೀಮಟ.”

“ಅಷ್ಟೆತ್ತರ ಯಾಕ್ ಬೇ? ಇಟ್ಟಂಗಿ ಸುಮ್ಮನ ದಂಡ.”

ಅವ್ವ ಗೌಂಡಿ ಆಚೆ ಸರಿಯುವವರೆಗೆ ಕಾದಳು. “ಮೊಣಕಾಲು ಮಡಚಾಕ ಬರೂದಿಲ್ಲವಾ. ಆಗಿಂದ್ಲೂ ಬರೂದಿಲ್ಲ. ಅಜ್ಜನ ಗೂಡಿನ ಕಿಂಡಿ ಮುಂದ ಕುಂತು, ಕೈ ಹಾಕಿ ಎಣಿಸಿ, ಕಲ್ಲ ಇಟ್ಟು ಏಳಬೇಕಾದ್ರ ಗ್ವಾಡಿ ಹಿಡೀಬೇಕಿತ್ತು. ರೋಗ ಬಂದು ಹೋದ್ವು, ಖರೆ. ಮತ್ತ ತಂದಿದ್ರ ಮುಚ್ಚಾವರು ಯಾರಿದ್ರು?”

ಆ ವರ್ಷ ನಾನು ಧಾರವಾಡದಲ್ಲಿದ್ದೆ. ಹಾಸ್ಟೆಲಿನ ಫೀಜು ತಡವಾದಾಗ ಸಿಟ್ಟಿನಿಂದ ಫೋನು ಮಾಡಿದ್ದೆ. ಅವ್ವ ಮಹಿಳಾ ಸಂಘದಲ್ಲಿ ಸಾಲ ಎತ್ತಿ ಕಳಿಸಿದ್ದಳು. ತತ್ತಿಯ ಗಡಿಗೆ ಖಾಲಿಯಾದದ್ದಕ್ಕೆ ರೋಗದ ಹೆಸರು ಹೇಳಿದ್ದಳು. ಮೊಣಕಾಲಿನ ಹೆಸರು ಹೇಳಿರಲಿಲ್ಲ. ಹೇಳಿದ್ದರೆ ನಾನು ಓದು ಬಿಟ್ಟು ಬರುತ್ತಿದ್ದೆನೇ? ಬರುತ್ತಿರಲಿಲ್ಲ ಎಂದೇ ತೋರುತ್ತದೆ. ಆದರೆ ಅವಳು ಹೇಳದೆ ಉಳಿದದ್ದರಿಂದ, ಇಪ್ಪತ್ತು ಮರಿ ತಂದು ಅವಳ ಮುಂದಿಟ್ಟಾಗ ಅದು ಉಡುಗೊರೆ ಎಂದೇ ನಾನು ತಿಳಿದಿದ್ದೆ. ಅವಳಿಗೆ ಕಂಡದ್ದು ದಿನಕ್ಕೆ ಎರಡು ಸಲ ಬಗ್ಗಿ ಏಳುವ ಲೆಕ್ಕ.

ಹಾಗಾಗಿ ಗೂಡು ಅವ್ವನ ಅಳತೆಗೆ ಎದ್ದಿತು. ಆರಡಿ ಉದ್ದ, ನಾಲ್ಕಡಿ ಅಗಲ. ಹನ್ನೆರಡು ಕೋಳಿಗೆ ತಲಾ ಎರಡು ಚದರ ಅಡಿ. ಸೊಂಟದೆತ್ತರದ ಕಟ್ಟೆಯ ಮೇಲೆ ಹಾಸುಗಲ್ಲಿನ ನೆಲ. ಕೋಳಿ ಹತ್ತಿ ಬರಲು ಒಂದು ಅಡ್ಡಪಟ್ಟಿ ಹೊಡೆದ ಹಲಗೆ. ಕೋಳಿ ಒಳಗೆ ಹೋದ ಮೇಲೆ ಅದನ್ನು ತೆಗೆದಿಡುವುದು. ಹಿಕ್ಕೆ ಬೀಳುವಲ್ಲಿ ಎಳೆದು ತೆಗೆಯುವ ತಗಡಿನ ತಟ್ಟೆ. ಬಾಗಿಲು ಅಜ್ಜನ ಕಾಲದ ಕಿಟಕಿಯದು. ನಿಂತಲ್ಲೇ ತೆರೆಯಬಹುದು, ನಿಂತಲ್ಲೇ ಎಣಿಸಬಹುದು. ಹಸಿರು ಗೂಡನ್ನು ಸಂಜೆ ಹೊತ್ತು ಮೇವು ಹಾಕಲು ಇಟ್ಟುಕೊಂಡೆವು. ಅದರ ಗಾಲಿಗಳನ್ನು ಓಣಿಯ ಹುಡುಗರು ಬಿಚ್ಚಿಕೊಂಡು ಹೋದರು.

ಕಟ್ಟಿದ ಗೂಡಿಗೆ ಕೋಳಿ ತಾನಾಗಿ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಮೂರು ದಿನ ಒಳಗೇ ಕೂಡಿಹಾಕಿ, ಅಲ್ಲೇ ನೀರು ಕಾಳು ಕೊಟ್ಟೆವು. ನಾಲ್ಕನೇ ದಿನ ಬಿಟ್ಟಾಗ ಸಂಜೆ ತಾವೇ ಸಾಲಾಗಿ ಹಲಗೆ ಹತ್ತಿದವು. ಹನ್ನೆರಡರಲ್ಲಿ ಎಂಟು ಹ್ಯಾಟೆ, ನಾಲ್ಕು ಹುಂಜ. ನಾಲ್ಕು ಹುಂಜ ಕಾದಾಡುತ್ತವೆಂದು ಮೇ ಕೊನೆಗೆ ಮೂರನ್ನು ಮಾರಿದೆವು. ಜೂನಿನಲ್ಲಿ ಶಾಲೆ ಶುರುವಾಗುವಾಗ ನನಗೆ ದಾವಣಗೆರೆಯಲ್ಲಿ ಕೆಲಸ ಸಿಕ್ಕಿತು. ಬಸ್ಸು ಹತ್ತುವಾಗ ಅವ್ವ ಅಳಲಿಲ್ಲ. “ಗೂಡ ಕಟ್ಟಿಸಿ ಕೊಟ್ಟ ಹೊಂಟಿ, ಹೋಗ್ ಬಾ” ಎಂದಳು.

ಹುಂಜ ಮಾತ್ರ ಒಂದು ತಕರಾರು ತೆಗೆದಿದೆ. ಉಳಿದವು ಗೂಡು ಸೇರಿದರೂ ಅದು ಬೇವಿನ ಗಿಡ ಏರಿ ಕೂರುತ್ತದೆ. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕ ಎಲುಬುಗಳನ್ನು ಪರೀಕ್ಷಿಸಿದವರು, ಕೋಳಿ ಮನುಷ್ಯನ ಹತ್ತಿರ ಬಂದದ್ದು ಮೂರು ಮೂರೂವರೆ ಸಾವಿರ ವರ್ಷಗಳ ಹಿಂದೆ ಎಂದು 2022ರಲ್ಲಿ ಬರೆದರು. ಬತ್ತ, ಸಿರಿಧಾನ್ಯ ಬೆಳೆಯತೊಡಗಿದ ಮೇಲೆ ಕಾಳಿನ ಆಸೆಗೆ ಕಾಡುಕೋಳಿ ಮರ ಇಳಿದು ಅಂಗಳಕ್ಕೆ ಬಂತಂತೆ. ಅವ್ವನಿಗೆ ಇದನ್ನು ಫೋನಿನಲ್ಲಿ ಹೇಳಿದೆ. “ಅದಕ್ಕ ಇನ್ನೂ ಪೂರಾ ಇಳದಿಲ್ಲ ಬಿಡು” ಎಂದಳು.

ನಿನ್ನೆಯೂ ಆರೂಮುಕ್ಕಾಲಿಗೆ ಫೋನು ಮಾಡಿದೆ.

“ಮುಚ್ಚಿದ್ಯೇನ್ ಬೇ?”

“ಎಂಟು ಒಳಗ ಅದಾವ. ಇವ ಗಿಡದಾಗ ಕುಂತಾನ. ಖಾಲಾ ಬಡಿಗಿ ತರಾಕ ಹೋಗ್ಯಾಳ, ಇಳಿಸಿ ಮುಚ್ಚತೇವಿ. ನೀ ಉಣ್ಣು.”

ಆಮೇಲೆ ಅವಳು ಫೋನು ಇಡಲು ಮರೆತಳು. ಗೋಡೆಯಾಚೆಯಿಂದ ಖಾಲಾ ಏನೋ ಕೂಗಿದ್ದು, ಬೇವಿನ ಟೊಂಗೆ ಅಲ್ಲಾಡಿದ್ದು, ಹುಂಜ ಸಿಟ್ಟಿನಿಂದ ರೆಕ್ಕೆ ಬಡಿದದ್ದು, ಕಿಟಕಿಯ ಹಳೇ ಚಿಲಕ ಟಕ್ಕೆಂದು ಬಿದ್ದದ್ದು, ಎಲ್ಲ ಕೇಳಿಸಿತು. ಆಮೇಲೆ ನಾನು ಊಟಕ್ಕೆ ಎದ್ದೆ.